ಚುಚ್ಚುವ ಶುಕ್ಪಾ

ಕುನ್ಜೆಸ್ ಒಳ್ಳೆಯ ಹೆಂಗಸಲ್ಲ ಎಂದು ಲುಂಗ್ಮರ್ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವಳನ್ನೇ ಕೇಳಿದರೂ ಅದನ್ನೇ ಹೇಳುತ್ತಾಳೆ. ಅವಳ ಹೊಲಕ್ಕೆ ಬೇರೆಯವರ ಮೇಕೆ ಕಾಲಿಟ್ಟರೆ ಕಲ್ಲು ಬೀಳುತ್ತದೆ. ಕಲ್ಲು ಮೇಕೆಗೆ ತಾಗುವುದಿಲ್ಲ, ಮೇಕೆಯವರ ಬಾಗಿಲಿಗೆ ತಾಗುತ್ತದೆ. ಕಾಲುವೆಯ ಸರದಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಸಾಕು, ಸಲಿಕೆ ಹಿಡಿದು ನೀರಿನ ಬಾಯಲ್ಲೇ ಕೂತುಬಿಡುತ್ತಾಳೆ. ಮಕ್ಕಳಾಗಲಿಲ್ಲ. ಆ ಮಾತು ಎತ್ತಿದವರು ಎರಡನೆಯ ಸಲ ಎತ್ತಿಲ್ಲ.

ಇಂಥವಳನ್ನು ಸಹಿಸಿಕೊಂಡವನು ಒಬ್ಬನೇ, ಗಂಡ ಮುತುಪ್. ಅವನು ಈ ಸಲ ಆಲೂಗೆಡ್ಡೆ ಕೀಳುವ ಕಾಲದಲ್ಲಿ ಸತ್ತ. ಹೊಲದಲ್ಲಿ ಅಗೆಯುತ್ತ ಕುಳಿತವನು ಕುಳಿತ ಹಾಗೇ ಪಕ್ಕಕ್ಕೆ ವಾಲಿದ. ಕುನ್ಜೆಸ್ ಗೆಡ್ಡೆಯ ಮಣ್ಣು ಕೊಡವುತ್ತಿದ್ದಳು. "ಏಳು, ನಿದ್ದೆ ಮಾಡೋ ಹೊತ್ತಾ ಇದು?" ಎಂದು ಬೈದಳು. ಅವನಿಗೆ ಅವಳು ಆಡಿದ ಕೊನೆಯ ಮಾತು ಅದು.

ಮುತುಪ್‌ಗೆ ಇದ್ದದ್ದು ಒಂದೇ ಹುಚ್ಚು. ಶುಕ್ಪಾ ಮರದ ಹುಚ್ಚು. ಲುಂಗ್ಮರ್‌ನಲ್ಲಿ ಜರ್ದಾಳು ಉಂಟು, ಪೋಪ್ಲರ್ ಉಂಟು, ಕಾಲುವೆ ದಂಡೆಗೆ ಹುಳಿಹಣ್ಣು ಬಿಡುವ ನೀರಂಜಿ ಮುಳ್ಳುಗಿಡಗಳೂ ಉಂಟು. ಶುಕ್ಪಾ ಇರಲಿಲ್ಲ. ಅದು ದೇವರ ಮರ. ಹೊಸ ವರ್ಷದ ಲೋಸರ್ ಹಬ್ಬಕ್ಕೆ ದೇವರ ಕಟ್ಟೆಗೆ ಕಟ್ಟುವುದು ಅದರ ಕೊನೆಗಳನ್ನೇ, ಹಸಿರು ತುದಿರೆಂಬೆಗಳನ್ನೇ. ಮಗು ಹುಟ್ಟಿದರೂ, ಮದುವೆಯಾದರೂ, ಹೆಣ ಎತ್ತಿದರೂ ಅದರ ಹೊಗೆ ಬೇಕು. ಅದಕ್ಕೆ ಕಬ್ಬಿಣ ತಾಗಿಸುವ ಹಾಗಿಲ್ಲ, ಕೈಯಲ್ಲೇ ಮುರಿಯಬೇಕು. ಒಂದು ದಿನದ ದಾರಿ ನಡೆದು ಮೇಲಿನ ಕಣಿವೆಯಿಂದ ಗಂಡಸರು ಹೊತ್ತು ತರುತ್ತಿದ್ದರು. ನೆಟ್ಟು ಬೆಳೆಸಿದವರು ಯಾರೂ ಇಲ್ಲ. ಬೀಜ ಹಾಕಿದರೆ ಮೊಳೆಯುವುದಿಲ್ಲ.

"ಮರದಿಂದ ಬಿದ್ದ ಬೀಜ ಮೊಳೆಯಲ್ಲ ಕಣೇ" ಎನ್ನುತ್ತಿದ್ದ ಮುತುಪ್. "ಹಕ್ಕಿ ಹೊಟ್ಟೆಯೊಳಗೆ ಹೋಗಿ ಬರಬೇಕು. ಅಷ್ಟು ದೂರ ಹೋಗಿ ಬಂದ ಬೀಜಕ್ಕೆ ಸ್ವಲ್ಪ ಬುದ್ಧಿ ಬಂದಿರುತ್ತೆ."

"ನೀನೂ ಒಂದ್ಸಲ ಹೋಗಿ ಬಾ ಹಾಗಾದ್ರೆ" ಎನ್ನುತ್ತಿದ್ದಳು ಕುನ್ಜೆಸ್.

ಕಣಿವೆಯ ಮರಗಳ ಕೆಳಗೆ ಹಕ್ಕಿಯ ಹಿಕ್ಕೆ ಹೆಕ್ಕಿ ಟೋಪಿಯಲ್ಲಿ ತುಂಬಿಕೊಂಡು ಬರುತ್ತಿದ್ದ. ಊರು ಅವನಿಗೆ ಹಿಕ್ಕೆ ಮುತುಪ್ ಎಂದೇ ಹೆಸರಿಟ್ಟಿತು. ಮೂರನೆಯ ವರ್ಷ ಹಿತ್ತಲಲ್ಲಿ ಒಂದೇ ಒಂದು ಮೊಳಕೆ ಎದ್ದಿತು. ಅವನು ಅದರ ಮುಂದೆ ಮಂಡಿಯೂರಿ ಕೂತದ್ದನ್ನು ಕಂಡವರು ಬಿದ್ದುಬಿದ್ದು ನಕ್ಕರು.

ಆ ಮರ ಈಗ ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚಾಗಿ ಕುನ್ಜೆಸ್ ಹಿತ್ತಲಲ್ಲಿ ನಿಂತಿದೆ. ಮುತುಪ್ ಸತ್ತ ಮೇಲೆ ಜಗಳ ಹುಟ್ಟಿದ್ದು ಅದರಿಂದಲೇ.

ಒಂದೇ ದೇವರನ್ನು ನಂಬಿದ ಏಳು ಮನೆಗಳ ಬಳಗ ಅವರದು. ಒಂದು ಮನೆಯಲ್ಲಿ ಸಾವಾದರೆ ಉಳಿದ ಆರು ಮನೆಯವರೇ ಹೆಣ ತೊಳೆದು, ಹೊತ್ತು, ಸುಡುತ್ತಾರೆ. ಒಣಗಿಸಿದ ಶುಕ್ಪಾದ ಹೊರೆಯನ್ನು ವರ್ಷಕ್ಕೊಂದು ಮನೆ ಸರದಿಯ ಮೇಲೆ ಇಟ್ಟುಕೊಂಡಿರಬೇಕು. ಈ ವರ್ಷದ ಸರದಿ ಟುಂಡುಪ್‌ನದು. ಟುಂಡುಪ್ ಎಂದರೆ ಮುತುಪ್‌ನ ಚಿಕ್ಕಪ್ಪನ ಮಗ. ಸುಡುವ ದಿನ ಬೆಳಗ್ಗೆ ಅವನು ಕುನ್ಜೆಸ್ ಬಾಗಿಲಿಗೆ ಬಂದು ಕಾಲ ತುದಿ ನೋಡುತ್ತ ನಿಂತ.

"ಅತ್ತಿಗೆ, ಶುಕ್ಪಾ ಮುಗಿದುಹೋಗಿದೆ. ಹಾಗೇ ಸುಟ್ಟುಬಿಡೋಣ್ವಾ?"

ಹೆಂಗಸರು ಸುಡುವ ಜಾಗಕ್ಕೆ ಹೋಗುವುದಿಲ್ಲ. ಹೋಗುವಂತಿದ್ದರೆ ಅವತ್ತು ಅವಳು ಟುಂಡುಪ್‌ನನ್ನೂ ಜೊತೆಗೆ ಸುಟ್ಟು ಬರುತ್ತಿದ್ದಳು. ನೇರ ಹಿತ್ತಲಿಗೆ ಹೋದಳು, ಮರದ ಸುತ್ತಲಿನ ಕಲ್ಲುಗೋಡೆ ಹತ್ತಿದಳು, ಕಣ್ಣು ಮುಚ್ಚಿಕೊಂಡು ಕೈಗೆ ಸಿಕ್ಕಿದ್ದನ್ನೆಲ್ಲ ಮುರಿದು ಒಂದು ತೆಕ್ಕೆ ತಂದು ಅವನ ಎದೆಗೆ ಒತ್ತಿದಳು. ಅವನು ಒಯ್ದು ಬೆಂಕಿಗೆ ಹಾಕಿದ.

ನಾಲ್ಕನೆಯ ದಿನ ಗುಡ್ಡದಿಂದ ಬಂಡೆ ಉರುಳಿ ಟುಂಡುಪ್‌ನ ಕೊಟ್ಟಿಗೆಯ ಮೇಲೆ ಬಿತ್ತು. ಉಳುವ ಝೋ, ಯಾಕ್ ತಳಿ ಬೆರೆತ ಎತ್ತು, ಸತ್ತಿತು. ಜೋಡಿ ಮುರಿಯಿತು.

ಚಳಿ ಹಿಡಿದ ಮೇಲೆ ಬಳಗ ಸೇರಿದ ದಿನ ಟುಂಡುಪ್ ಮರದ ಕೆಳಗಿನ ಕೊನೆಯೊಂದನ್ನು ಗೋಡೆ ಸಂದಿಯಿಂದ ಮುರಿದುಕೊಂಡು ಬಳಗದ ನಡುವೆ ಎಸೆದ.

"ಮುಟ್ಟಿ ನೋಡಿ ಎಲ್ರೂ. ಸೂಜಿ ಚುಚ್ಚಿದ ಹಾಗೆ ಚುಚ್ಚುತ್ತೆ. ಶುಕ್ಪಾ ಚುಚ್ಚುತ್ತಾ? ದನ ಮೇಯೋ ಜಾಗದಲ್ಲಿ ನೆಲ ಹಿಡಿದು ತೆವಳುತ್ತಲ್ಲ ಪಾಮಾ, ಆ ಮುಳ್ಳುಕಂಟಿ ಇದು. ಇಲ್ಲಾಂದ್ರೆ ಪೇಟೆ ಗಿಡ. ಇಷ್ಟು ವರ್ಷದಲ್ಲಿ ಒಂದು ಹಣ್ಣು ಬಿಟ್ಟಿದ್ದು ಕಂಡಿದೀರಾ? ಸುಳ್ಳು ಹೊಗೆ ಕೊಟ್ಟಳು ದೇವರಿಗೆ. ನನ್ನ ಝೋ ತಿಂದಳು."

"ಝೋ ಮಾಂಸ ತಿಂದವನು ನೀನು" ಎಂದಳು ಕುನ್ಜೆಸ್. "ನಮಗೆ ಒಂದು ತುಂಡೂ ಕಳಿಸಲಿಲ್ಲ."

ಟುಂಡುಪ್‌ನ ಹೆಂಡತಿ ಯಂಗ್ಡೋಲ್ ಹಿಂದಿನಿಂದ ಒಂದು ಮಾತು ಎಸೆದಳು. "ಹಣ್ಣು ಬಿಡದ ಮನೇಲಿ ಹಣ್ಣು ಬಿಡದ ಮರ. ಸರಿಯಾಗಿದೆ ಜೋಡಿ."

ಯಾರೂ ನಗಲಿಲ್ಲ. ಯಾರೂ ಅವಳ ಬಾಯಿ ಮುಚ್ಚಿಸಲೂ ಇಲ್ಲ.

ಕೊನೆಗೆ ಮೇಮೆ ಅಂಗ್ಚುಕ್ ಬಾಯಿ ತೆರೆದ. ದೇವರ ಕಟ್ಟೆಯನ್ನು ನೋಡಿಕೊಳ್ಳುವ ಮುದುಕ. ಮೇಮೆ ಎಂದರೆ ಅಜ್ಜ, ಊರಿಗೆಲ್ಲ ಅವನು ಮೇಮೆಯೇ. ಎರಡು ಕಣ್ಣಿಗೂ ಪೊರೆ ಬಂದು ಕೈಹಿಡಿದು ನಡೆಸಬೇಕು. ಅವನ ಮಾತಿಗೆ ಬಳಗದಲ್ಲಿ ಎದುರು ಮಾತಿಲ್ಲ.

"ಲೋಸರ್‌ಗೆ ಇನ್ನು ಇಪ್ಪತ್ತು ದಿನ ಇದೆ. ಕಟ್ಟೆಗೆ ಹೊಸ ಕೊನೆ ಕಟ್ಟೋ ಮುಂಚೆ ಇದು ತೀರ್ಮಾನ ಆಗ್ಲಿ. ಕುನ್ಜೆಸ್, ಅದು ಶುಕ್ಪಾನೇ ಅಂತ ತೋರಿಸು. ತೋರಿಸಿದ್ರೆ ಯಾರೂ ಉಸಿರೆತ್ತಬಾರದು. ಇಲ್ಲಾಂದ್ರೆ ಮರ ಕಡೀತಾರೆ. ಇನ್ನೊಂದು. ಸುಳ್ಳು ಹೊಗೇಲಿ ಬೆಂದ ಬೂದಿ ನಮ್ಮ ಅಪ್ಪಂದಿರ ಪಕ್ಕ ಕೂರೋ ಹಾಗಿಲ್ಲ."

ಮರ ಕಡಿಯುತ್ತಾರೆ ಎಂದಾಗ ಕುನ್ಜೆಸ್ ಕಣ್ಣು ಮಿಟುಕಿಸಲಿಲ್ಲ. ಬೂದಿಯ ಮಾತು ಬಂದದ್ದೇ ಎದ್ದು ಮನೆಗೆ ನಡೆದಳು.

ಮುತುಪ್‌ನ ಮೂಳೆಯ ಬೂದಿಯನ್ನು ಜೇಡಿಮಣ್ಣಿಗೆ ಕಲಸಿ ಲಾಮಾ ಇಪ್ಪತ್ತೊಂದು ತ್ಸಾತ್ಸಾ ಮಾಡಿಕೊಟ್ಟಿದ್ದ. ಒಂದೊಂದೂ ಹೆಬ್ಬೆಟ್ಟಿನಷ್ಟು ಎತ್ತರದ ಗೋಪುರ. ಊರಾಚೆ ಬಂಡೆಯ ಪೊಟರೆಯಲ್ಲಿ ಬಳಗದ ಸತ್ತವರೆಲ್ಲ ಹಾಗೆಯೇ ಸಾಲಾಗಿ ಕೂತಿದ್ದಾರೆ. ಮುತುಪ್‌ನ ಅಪ್ಪ, ಅವನ ಅಪ್ಪ, ಹೆಸರು ಮರೆತ ಎಷ್ಟೋ ಮಂದಿ. ಮುತುಪ್ ಮಾತ್ರ ಬುಟ್ಟಿಯಲ್ಲಿ, ಅಡಿಗೆಮನೆಯ ಗೂಡಿನಲ್ಲಿ, ಉಪ್ಪಿನ ಚೀಲದ ಪಕ್ಕ ಕೂತಿದ್ದ.

"ಅಕ್ಕಪಕ್ಕ ಯಾರೂ ಇಲ್ದೆ ಮಲಗಿ ಅಭ್ಯಾಸ ಇಲ್ಲ ಇವನಿಗೆ" ಎಂದು ಬುಟ್ಟಿಗೆ ಹೇಳಿದಳು.

ಊರಿಗೆ ಗೊತ್ತಿಲ್ಲದ್ದು ಒಂದಿತ್ತು. ಆ ಮರ ಶುಕ್ಪಾ ಅಲ್ಲ ಎಂದು ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದವಳು ಕುನ್ಜೆಸ್.

ಮೊಳಕೆ ಎದ್ದ ನಾಲ್ಕನೆಯ ಬೇಸಿಗೆ ಅದು. ಗಿಡ ಗೇಣುದ್ದ ಆಗಿತ್ತು. ಮುತುಪ್ ಕುರಿ ಹೊಡೆದುಕೊಂಡು ಮೇಲೆ ಹೋಗಿದ್ದ, ಒಂದೂವರೆ ತಿಂಗಳು ಬರುವುದಿಲ್ಲ. ಕುನ್ಜೆಸ್ ಹಿತ್ತಲ ಬಾಗಿಲ ಅಗುಳಿ ಹಾಕಲು ಮರೆತಳು. ಸಂಜೆ ನೋಡಿದರೆ ಅವಳದೇ ಮೇಕೆ, ಕಿವಿ ಹರಿದ ಕರಿಮೇಕೆ, ಆ ಜಾಗದಲ್ಲಿ ನಿಂತು ಬಾಯಾಡಿಸುತ್ತಿತ್ತು. ಗಿಡವಿದ್ದಲ್ಲಿ ಒಂದು ಸೀಳಿದ ಕಡ್ಡಿ ಉಳಿದಿತ್ತು.

ಅವಳು ಅತ್ತಳೇ? ಇಲ್ಲ. ಮೇಕೆಗೆ ನಾಲ್ಕು ಬಾರಿಸಿದಳು. ಮರುದಿನ ಲೇಹ್‌ಗೆ ಹೊರಟ ಲಾರಿ ಹತ್ತಿದಳು. ಪೇಟೆ ಬದಿಯಲ್ಲಿ ಡಬ್ಬಗಳಲ್ಲಿ ಗಿಡ ಇಟ್ಟುಕೊಂಡು ಕೂತವನ ಮುಂದೆ ನಿಂತು, "ಚಳಿಗಾಲದಲ್ಲೂ ಹಸಿರಾಗಿರೋದು ಯಾವುದಿದೆ? ಗೇಣುದ್ದದ್ದು ಕೊಡು" ಎಂದಳು. ಅವನು ಒಂದು ಕೊಟ್ಟ. ಹೆಸರು ಇವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಹಸಿರು ಅಂದರೆ ಹಸಿರು. ತಂದು ಅದೇ ಗುಳಿಯಲ್ಲಿ ನೆಟ್ಟಳು. ಗಾಳಿಗೆ ವಾಲುತ್ತಿತ್ತು. ತನ್ನ ಹಳೆಯ ಕೆಂಪು ನಡುಕಟ್ಟಿನಿಂದ ಒಂದು ಪಟ್ಟಿ ಹರಿದು ಕೋಲಿಗೆ ಕಟ್ಟಿದಳು.

ಮುತುಪ್ ಬಂದ. ಹಿತ್ತಲಿಗೆ ಹೋದ. ಬಹಳ ಹೊತ್ತು ಬರಲಿಲ್ಲ. ಅವಳು ಒಳಗೆ ಚಹಾಕ್ಕೆ ಬೆಣ್ಣೆ ಕಡೆಯುತ್ತ, ಒಂದೇ ಚಹಾವನ್ನು ಮೂರು ಚಹಾದಷ್ಟು ಕಡೆದಳು.

ಅವನು ಬಂದು ಕೂತು ಬಟ್ಟಲು ಚಾಚಿದ.

"ಬೆಳೆದಿದೆ" ಎಂದ.

ಅಷ್ಟೇ. ಮುಂದಿನ ವಾರ ಗಿಡದ ಸುತ್ತ ಎದೆಯೆತ್ತರ ಕಲ್ಲುಗೋಡೆ ಕಟ್ಟಿದ. ಗೋಡೆಯ ಮೇಲೆ ಮುಳ್ಳು ಹೇರಿದ. "ನೀರು ನಾನೇ ಹಾಕ್ತೀನಿ. ನೀನು ಆ ಕಡೆ ಬರಬೇಡ" ಎಂದ. ಇವಳ ಮೇಕೆಗೆ ಹೆದರಿ ಕಟ್ಟಿದ ಗೋಡೆ ಎಂದುಕೊಂಡಳು. ನೆಮ್ಮದಿಯೇ ಆಯಿತು. ಅಲ್ಲಿಂದ ಹದಿನೆಂಟು ವರ್ಷ ಅವಳು ಆ ಗಿಡದ ಮುಖ ನೋಡಲಿಲ್ಲ. ಅದು ಗೋಡೆ ಮೀರಿ ಬೆಳೆದ ಮೇಲೂ, ಹಿತ್ತಲಿಗೆ ಹೋದರೆ ಕಣ್ಣು ಬೇರೆ ಕಡೆ. ಮುತುಪ್ ಊರವರ ಮುಂದೆ "ನನ್ನ ಶುಕ್ಪಾ" ಎಂದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಊರು ಅದನ್ನೂ ಅವಳ ಸೊಕ್ಕು ಎಂದೇ ಲೆಕ್ಕ ಹಾಕಿತು.

ಈಗ ಟುಂಡುಪ್ ಹೇಳಿದ್ದು ನಿಜವಾದರೆ ಮುತುಪ್‌ನನ್ನು ಬಂಡೆಯ ಪೊಟರೆಯಿಂದ ಹೊರಗಿಟ್ಟವಳು ಅವಳೇ. ಅಗುಳಿ ಹಾಕದ ಅವಳ ಕೈ.

ಸುಮ್ಮನಿರಬಹುದಿತ್ತು. ಇಪ್ಪತ್ತು ದಿನ ಕಳೆಯಲಿ, ಕಡಿಯಲಿ, ಹಾಳಾಗಲಿ ಎನ್ನಬಹುದಿತ್ತು. ಆದರೆ ನಿಜವಾದ ಶುಕ್ಪಾ ಹೇಗಿರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಮನೆಗೆ ಬರುತ್ತಿದ್ದದ್ದು ಒಣಗಿ ಉದುರಿದ ಕಡ್ಡಿ, ಪುಡಿ. ಕಣಿವೆಗೆ ಹೆಂಗಸರು ಹೋಗಬಾರದು ಎಂದೇನಿಲ್ಲ. ಕೆಲಸವಿಲ್ಲ, ಹೋಗುವುದಿಲ್ಲ. ಅವಳು ಒಂದು ಬೆಳಗ್ಗೆ ಹೊರಟಳು. ಬೆನ್ನುಬುಟ್ಟಿಯಲ್ಲಿ ಹುರಿದ ಜವೆಹಿಟ್ಟು, ಥರ್ಮಸ್‌ನಲ್ಲಿ ಚಹಾ, ಬಟ್ಟೆಯಲ್ಲಿ ಸುತ್ತಿದ ಎರಡು ಕೊನೆ. ಎರಡೂ ಹಿತ್ತಲ ಮರದವು. ಒಂದು ಕೆಳಗಿನದು, ಒಂದು ಗೋಡೆ ಹತ್ತಿ ಮುರಿದ ನೆತ್ತಿಯದು.

ಮುರಿಯುವಾಗಲೇ ಕೈಗೆ ತಿಳಿದಿತ್ತು. ಒಂದೇ ಮರದ ಎರಡು ಕೊನೆ ಒಂದೇ ತರಹ ಇರಲಿಲ್ಲ. ಕೆಳಗಿನದು ಬರೀ ಸೂಜಿ. ನೆತ್ತಿಯದು ಮೆತ್ತಗೆ, ಹೊಸೆದ ನೂಲಿನ ಹಾಗೆ. ಎಂಥ ಮರವೋ ಇದು ಎಂದುಕೊಂಡಳು.

ದಾರಿಯಲ್ಲಿ ಯಂಗ್ಡೋಲ್ ಎದುರಾದಳು, ಬೆನ್ನ ಮೇಲೆ ಸಗಣಿ ಬುಟ್ಟಿ.

"ಎಲ್ಲಿಗಕ್ಕಾ ಸವಾರಿ? ಹಿಕ್ಕೆ ಹೆಕ್ಕೋಕಾ?"

"ಹೌದು. ನಿನ್ನ ಬುಟ್ಟಿ ತುಂಬಿದೆಯಲ್ಲ, ನಿಂಗೆ ಬೇಡ್ವೇನೋ."

ಕಣಿವೆಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಮೇಲಿನ ಹಾದಿಯಲ್ಲಿ ಹಿಮದ ಮೊದಲ ಪದರ ಬಿದ್ದಿತ್ತು. ಕೆಂಪು ಬಂಡೆಗಳ ನಡುವೆ ಮರಗಳು ನಿಂತಿದ್ದವು, ನಲವತ್ತಿರಬಹುದು. ಒಂದೊಂದೂ ಮುದಿಬಿದ್ದು ಸೊಟ್ಟಗಾಗಿ, ಯಾರ ಗೊಡವೆಯೂ ಬೇಡವೆಂದು ಬೆನ್ನು ತಿರುಗಿಸಿ ನಿಂತ ಹಾಗೆ. ಇವುಗಳ ಜೊತೆ ನನಗೆ ಹೊಂದುತ್ತದೆ ಎಂದುಕೊಂಡಳು ಕುನ್ಜೆಸ್.

ಮೊದಲು ತೊಗಟೆ ಮುಟ್ಟಿದಳು. ಹಳೆಯ ಕಂಬಳಿಯ ಅಂಚು ಬಿಚ್ಚಿಕೊಂಡ ಹಾಗೆ ಉದ್ದುದ್ದ ಎಳೆಯಾಗಿ ಸುಲಿಯುತ್ತಿತ್ತು. ಎಳೆದರೆ ಮೊಳದುದ್ದ ಬಂತು. ಒಂದು ಕೊಂಬೆ ಬಿರುಗಾಳಿಗೆ ಸೀಳಿತ್ತು. ಸೀಳಿದ ಕಡೆ ಒಳಮರ ಹಸಿಮಾಂಸದಂತೆ ಕೆಂಪು. ಮೂಗಿಟ್ಟಳು. ಮುತುಪ್‌ನ ಟೋಪಿಯ ವಾಸನೆ. ಇನ್ನೊಮ್ಮೆ ಮೂಗಿಟ್ಟಳು.

ಆಮೇಲೆ ಕೊನೆ. ಮುದಿಮರದ ಕೊನೆಯಲ್ಲಿ ಎಲೆ ಎಂದು ಹೇಳುವಂಥದ್ದೇ ಇಲ್ಲ. ಅಕ್ಕಿಯ ನುಚ್ಚಿನಷ್ಟು ಚಿಕ್ಕ ಚಿಕ್ಕ ಹಸಿರು ಚೂರುಗಳು ಒಂದರ ಮೇಲೊಂದು ಅಂಟಿ, ಮದುವಣಗಿತ್ತಿಯ ಸಣ್ಣ ಜಡೆಯಂತೆ ಬಿಗಿಯಾಗಿ ಹೆಣೆದುಕೊಂಡಿದ್ದವು. ಬೆರಳ ನಡುವೆ ಹೊರಳಿಸಿದರೆ ದುಂಡಗೆ ಹೊರಳುತ್ತದೆ. ಚುಚ್ಚುವುದಿಲ್ಲ. ಅವಳು ಬಟ್ಟೆ ಬಿಚ್ಚಿ ತನ್ನ ನೆತ್ತಿಯ ಕೊನೆ ಪಕ್ಕಕ್ಕಿಟ್ಟಳು. ಅದೇ ಜಡೆ. ಅದೇ ದುಂಡು. ಒಂದನ್ನು ಕಣ್ಣುಮುಚ್ಚಿ ಇನ್ನೊಂದರ ಜಾಗದಲ್ಲಿಟ್ಟರೆ ಯಾವುದು ಯಾವುದು ಎಂದು ಅವಳಿಗೇ ತಿಳಿಯಲಿಲ್ಲ.

ಹಾಗಾದರೆ ಸೂಜಿ? ಮುದಿಮರದ ಬುಡದಲ್ಲಿ, ಮುರಿದ ಕೊಂಬೆಯ ಹತ್ತಿರ, ಎಳೆಯ ಚಿಗುರಿನ ಒಂದು ಗೊಂಚಲು ಇತ್ತು. ಕೈ ಹಾಕಿದಳು, ಚುಚ್ಚಿತು. ನಾಲ್ಕು ಹೆಜ್ಜೆ ಆಚೆ ಮಂಡಿಯೆತ್ತರದ ಮರಿ ನಿಂತಿತ್ತು. ಬುಡದಿಂದ ತುದಿವರೆಗೆ ಬರೀ ಸೂಜಿ. ಇನ್ನೊಂದು ಸೊಂಟದೆತ್ತರ. ಕೆಳಗೆಲ್ಲ ಸೂಜಿ, ತುದಿಯಲ್ಲಿ ಮಾತ್ರ ಜಡೆ ಹೆಣೆಯಲು ಶುರು. ಎಳೆಯದರಲ್ಲಿ ಚುಚ್ಚುತ್ತದೆ, ಬಲಿಯುತ್ತ ಮೆತ್ತಗಾಗುತ್ತದೆ. ಪಾಮಾ ಹಾಗಲ್ಲ. ಅದನ್ನು ಅವಳು ಹುಲ್ಲುಗಾವಲಲ್ಲಿ ದಿನಾ ತುಳಿದಿದ್ದಾಳೆ. ಹುಟ್ಟಿದಾಗಲೂ ಚುಚ್ಚುತ್ತದೆ, ಸಾಯುವಾಗಲೂ ಚುಚ್ಚುತ್ತದೆ, ನೆಲ ಬಿಟ್ಟು ಎದ್ದು ನಿಲ್ಲುವುದೇ ಇಲ್ಲ.

ಹಣ್ಣಿನ ಮಾತೊಂದು ಉಳಿಯಿತು. ಒಂದು ಮರದ ತುಂಬ ಬಟಾಣಿ ಗಾತ್ರದ ನೀಲಿಗಪ್ಪು ಹಣ್ಣು, ಮೇಲೆ ಬೂದಿ ಸವರಿದ ಹಾಗೆ. ಒಂದನ್ನು ತೊಟ್ಟ ಗೊಂಚಾ ನಿಲುವಂಗಿಯ ತೋಳಿಗೆ ಉಜ್ಜಿದಳು, ಬೂದಿ ಹೋಗಿ ಹೊಳೆಯಿತು. ಕಚ್ಚಿದಳು. ಮೊದಲು ಸಿಹಿ, ಆಮೇಲೆ ಅಂಟು, ಕಹಿ. ಮೂರು ಬೀಜ ಉಗಿದಳು. ಪಕ್ಕದ ಮರ ಅಷ್ಟೇ ಮುದಿ, ಅಷ್ಟೇ ದಪ್ಪ, ಒಂದು ಹಣ್ಣೂ ಇಲ್ಲ. ಬಗ್ಗಿ ನೋಡಿದಳು. ಜಡೆಗಳ ತುದಿತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಹಳದಿ ಗಂಟು. ತನ್ನ ಕೊನೆಯನ್ನು ಬೆಳಕಿಗೆ ಹಿಡಿದಳು. ಅದರ ತುದಿಯಲ್ಲೂ ಅದೇ ಹಳದಿ ಗಂಟು.

ಕಾಲುವೆ ದಂಡೆಯ ನೀರಂಜಿ ಗಿಡದಲ್ಲಿ ಹಣ್ಣು ಬಿಡುವುದು ಹೆಣ್ಣುಗಿಡ, ಗಂಡಿಗೆ ಬರೀ ಮುಳ್ಳು ಎಂದು ಊರಿನ ಕೈಕೂಸಿಗೂ ಗೊತ್ತು. ಅದೇ ಕತೆ ಇಲ್ಲೂ.

ಕುನ್ಜೆಸ್ ಕಲ್ಲಿನ ಮೇಲೆ ಕೂತಳು. ಹಿತ್ತಲ ಮರ ಶುಕ್ಪಾ. ಗಂಡು ಶುಕ್ಪಾ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೇಕೆ ತಿಂದದ್ದು ಸುಳ್ಳೇ? ಡಬ್ಬದ ಗಿಡ ಸುಳ್ಳೇ? ಪೇಟೆ ಗಿಡ ಶುಕ್ಪಾ ಆಗುವುದು ಹೇಗೆ?

ಚಹಾ ಕುಡಿಯಲು ಗಾಳಿಗೆ ಮರೆ ಬೇಕಿತ್ತು. ಕಣಿವೆಯ ಬಾಯಲ್ಲಿ ಮುತುಪ್ ಕಟ್ಟಿದ್ದ ಕುರಿದೊಡ್ಡಿ ಇತ್ತು. ಬದಿಯಲ್ಲಿ ಒರತೆ. ಅವನು ಸತ್ತ ಮೇಲೆ ಯಾರೂ ಬಂದಿಲ್ಲ. ದೊಡ್ಡಿಯ ಹಿಂದೆ, ಗಾಳಿ ಬೀಸದ ಕಡೆ, ಗಿಡದ ಸುತ್ತ ಹಾಕುವಂಥ ಕಲ್ಲಿನ ಐದು ಬಳೆ ಸಾಲಾಗಿದ್ದವು. ಮುತುಪ್‌ನ ಕೈ. ಪ್ರತಿ ಬಳೆಯ ಮೇಲೂ ಚಪ್ಪಟೆಯ ಬಿಳಿ ಕಲ್ಲೊಂದನ್ನು ಇಡುವವನು ಅವನೊಬ್ಬನೇ. ನಾಲ್ಕರಲ್ಲಿ ಸೂಜಿಮೈಯ ಶುಕ್ಪಾಗಳು, ಚಳಿಗೆ ಮುರುಟಿ ಸೊಂಟದೆತ್ತರಕ್ಕೇ ನಿಂತವು. ಹಿಕ್ಕೆಯ ಬೀಜದವೇ. ಐದನೆಯ ಬಳೆಯಲ್ಲಿ ಬೇರೆ ಗಿಡ.

ಅದಕ್ಕೆ ಜಡೆಯಿಲ್ಲ, ಸೂಜಿಯಿಲ್ಲ. ಎಲೆಗಳು ಬೀಸಣಿಗೆಯಂತೆ ಚಪ್ಪಟೆ, ಎರಡು ಅಂಗೈ ನಡುವೆ ಒತ್ತಿ ತೆಗೆದ ಹಾಗೆ. ಬೆರಳಲ್ಲಿ ಹೊರಳಿಸಿದರೆ ಹೊರಳದು. ಹಣ್ಣಿನ ಬದಲು ಒಣಗಿ ಬಾಯಿಬಿಟ್ಟ ಗಟ್ಟಿ ಕಾಯಿ, ಒಂದೊಂದು ಹೋಳಿನ ತುದಿಯಲ್ಲೂ ಕೊಕ್ಕೆ. ಉಜ್ಜಿ ಮೂಸಿದಳು. ಬೇರೆ ವಾಸನೆ. ಯಾರು ನೋಡಿದರೂ ಹೇಳಬಹುದು, ಪೇಟೆ ಗಿಡ.

ಕಾಂಡ ಕೋಲಿಗೆ ಕಟ್ಟಿತ್ತು. ಕಟ್ಟಿದ್ದು ಬಟ್ಟೆಯ ಪಟ್ಟಿ. ಬಿಸಿಲಿಗೆ ಬಣ್ಣ ಹೋಗಿ ಬಿಳಿಚಿದ್ದರೂ ಮಡಿಕೆಯೊಳಗೆ ಕೆಂಪು ಉಳಿದಿತ್ತು. ಅವಳ ನಡುಕಟ್ಟಿನ ಕೆಂಪು. ಕಾಂಡ ದಪ್ಪವಾದ ಹಾಗೆಲ್ಲ ಗಂಟು ಬಿಚ್ಚಿ ಸಡಿಲ ಮಾಡಿ ಮತ್ತೆ ಕಟ್ಟಿದ ಗುರುತು, ಒಂದರ ಪಕ್ಕ ಒಂದು. ಹಳೆ ಗಂಟುಗಳ ಸುಕ್ಕು ಎಣಿಸಿದಳು. ಒಂಬತ್ತಿತ್ತು.

ಗಿಡ ಬದಲಾಗಿದ್ದು ಅವನಿಗೆ ಬಂದ ದಿನವೇ ತಿಳಿದಿತ್ತು. ನಾಲ್ಕು ವರ್ಷ ಮಂಡಿಯೂರಿ ನೋಡಿದ ಗಿಡ ತಿಳಿಯದೆ ಇರುತ್ತದೆಯೇ? ಐದನೆಯ ಬಳೆಯೊಳಗಿದ್ದ ಶುಕ್ಪಾ ಮರಿಯನ್ನು ಒಯ್ದು ಹಿತ್ತಲಲ್ಲಿ ನೆಟ್ಟಿದ್ದ. ಅವಳು ತಂದದ್ದನ್ನು ಎಸೆಯದೆ ಹೊತ್ತು ತಂದು ಇಲ್ಲಿ ಊರಿದ್ದ. ಗೋಡೆ ಕಟ್ಟಿದ್ದು ಮೇಕೆಗಲ್ಲ. ಅವಳ ಕಣ್ಣಿಗೆ.

ಕುನ್ಜೆಸ್ ಎದ್ದು ನಿಂತು ಕಣಿವೆ ಅದುರುವ ಹಾಗೆ ಕೂಗಿದಳು.

"ಕಳ್ಳಾ! ಹದಿನೆಂಟು ವರ್ಷ! ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ? ನಾನು ಹದಿನೆಂಟು ವರ್ಷ ಒಳಗೊಳಗೇ ಬೇಯ್ತಿದ್ದೆ, ನೀನು ನೋಡ್ಕೊಂಡು ಚಹಾ ಕುಡೀತಿದ್ದೆ! 'ಬೆಳೆದಿದೆ' ಅಂತೆ! ಒಂದ್ಸಲ ಬೈದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

ಬಂಡೆ ಅವಳ ಬೈಗುಳವನ್ನು ಅವಳಿಗೇ ವಾಪಸು ಕೊಟ್ಟಿತು. ಅವಳು ಇನ್ನೂ ನಾಲ್ಕು ಸೇರಿಸಿದಳು. ಗಂಟಲು ಕಟ್ಟಿದ ಮೇಲೆ ಒರತೆಯಿಂದ ಕೈಯಲ್ಲಿ ನೀರು ತುಂಬಿ ತಂದು ಚಪ್ಪಟೆ ಗಿಡದ ಬುಡಕ್ಕೆ ಸುರಿದಳು. ಅರ್ಧ ದಾರಿಯಲ್ಲೇ ಸೋರಿಹೋಗುತ್ತಿತ್ತು. ಏಳು ಸಲ ಹೋಗಿ ಬಂದಳು.

ತೀರ್ಮಾನದ ದಿನ ಬಳಗವೆಲ್ಲ ಅವಳ ಹಿತ್ತಲಲ್ಲಿ ಸೇರಿತು. 'ಮಾತು ಮುಗಿಸಿ ಸುಮ್ನೆ ಹೋಗೋಣ' ಎಂಬಂಥ ಮುಖಗಳು. ಟುಂಡುಪ್ ಕೊಡಲಿ ತಂದಿದ್ದ.

"ಕೊಡಲಿ ಯಾಕೆ ತಂದೆ?" ಎಂದಳು ಕುನ್ಜೆಸ್.

"ಎರಡು ಸಲ ಯಾಕೆ ಬರೋದು ಅಂತ, ಅತ್ತಿಗೆ."

"ಒಳ್ಳೇದು. ಕೆಳಗಿಡು. ಗೋಡೆ ಹತ್ತು."

"ನಾನ್ಯಾಕೆ ಹತ್ಲಿ?"

"ಕೆಳಗಿನ ಕೊನೆ ಮುರಿಯೋಕೆ ಬಂದ ಕೈ ಮೇಲಿನದಕ್ಕೆ ಯಾಕೆ ಬರಲ್ಲ? ಹತ್ತೋ."

ಮೇಮೆ ಅಂಗ್ಚುಕ್ ಕೋಲು ಕುಟ್ಟಿದ. ಟುಂಡುಪ್ ಹತ್ತಿದ.

"ನೆತ್ತೀಲಿ ಕೈ ಹಾಕು. ಹಿಂಡು. ಚುಚ್ಚುತ್ತಾ?"

ಅವನು ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಕಿವಿ ಕೇಳಲ್ವಾ? ಚುಚ್ಚುತ್ತಾ?"

"ಇಲ್ಲ."

"ಗಟ್ಟಿಯಾಗಿ ಹೇಳು. ನಿನ್ನ ಸತ್ತ ಝೋಗೂ ಕೇಳಿಸ್ಲಿ."

ಅವಳು ಬುಟ್ಟಿಯಿಂದ ಕಣಿವೆಯ ಕೊನೆಗಳನ್ನು ತೆಗೆದು ಮುದುಕನ ಅಂಗೈಯಲ್ಲಿಟ್ಟಳು. ಮುದಿಮರದ ಜಡೆ. ಅದೇ ಮರದ ಬುಡದ ಸೂಜಿ. ಆಮೇಲೆ ಹಿತ್ತಲ ಮರದ ಎರಡು. ಒಂದೊಂದನ್ನೂ ಮುದುಕ ಬೆರಳಲ್ಲಿ ಹೊರಳಿಸಿದ, ಕೆನ್ನೆಗೆ ಒತ್ತಿಕೊಂಡ, ಉಗುರಲ್ಲಿ ಗೀರಿ ಮೂಸಿದ, ಉಳಿದ ಎರಡು ಹಲ್ಲಿನ ನಡುವೆ ಇಟ್ಟು ಕಚ್ಚಿದ. ಆಮೇಲೆ ಕೈಹಿಡಿಸಿಕೊಂಡು ಮರದ ಬುಡಕ್ಕೆ ಹೋಗಿ ತೊಗಟೆಯ ಎಳೆಯೊಂದನ್ನು ಎಳೆದ. ಅದು ಉದ್ದಕ್ಕೆ ಬಂತು.

ಯಂಗ್ಡೋಲ್ ಸುಮ್ಮನಿರಲಾರದವಳು. "ಅದೆಲ್ಲ ಸರಿ. ಹಣ್ಣೆಲ್ಲಿ?"

ಕುನ್ಜೆಸ್ ಅವಳ ಕಡೆ ತಿರುಗಿದಳು. "ತುದೀಲಿ ಹಳದಿ ಗಂಟಿದೆ ನೋಡು. ಇದು ಗಂಡು. ಗಂಡು ಮರ ಹಣ್ಣು ಬಿಡಲ್ಲ. ಅದಕ್ಕಂತ ಮರಗಳ ಊರಲ್ಲಿ ಯಾರೂ ಪಕ್ಕದ ಹೆಣ್ಣು ಮರಾನ ಬೈಯಲ್ಲ. ಅವಕ್ಕೆ ನಿನ್ನಷ್ಟು ಓದು ಇಲ್ಲ."

ಯಾರೋ ಹಿಂದೆ ಕಿಸಕ್ಕೆಂದರು.

"ಮೇಮೆ, ಇನ್ನೊಂದು ಕೇಳ್ತೀನಿ" ಎಂದಳು ಕುನ್ಜೆಸ್. "ಸುಡೋ ದಿನ ಬಳಗದ ಶುಕ್ಪಾ ಎಲ್ಲಿತ್ತು? ಈ ವರ್ಷ ಯಾರ ಸರದಿ?"

ಎಲ್ಲರೂ ಟುಂಡುಪ್‌ನ ಕಡೆ ನೋಡಿದರು. ಅವನು ಇನ್ನೂ ಗೋಡೆಯ ಮೇಲೇ ನಿಂತಿದ್ದ, ಕೊಡಲಿ ಕೆಳಗೆ.

"ಹೋಗೋಣ ಅಂತಿದ್ದೆ... ಕೊಯ್ಲು ಬಂತು" ಎಂದ.

"ಕಣಿವೆಗೆ ನೀನು ಹೋಗೇ ಇಲ್ಲ ಈ ವರ್ಷ" ಎಂದ ಮುದುಕ. ಕಾಣದ ಕಣ್ಣನ್ನು ಅವನ ಕಡೆ ಎತ್ತಿ ಹಿಡಿದ. "ಸತ್ತವನನ್ನ ಹೊಗೆ ಇಲ್ಲದೆ ಕಳಿಸ್ತಿದ್ದೆ. ಕಳಿಸದ ಹಾಗೆ ನೋಡ್ಕೊಂಡಿದ್ದು ಆ ಸತ್ತವನೇ. ಹಿಕ್ಕೆ ಮುತುಪ್. ಇದು ಶುಕ್ಪಾ. ಎಳೇದು, ಅದಕ್ಕೆ ಚುಚ್ಚುತ್ತೆ. ಬಂಡೆ ಬಿದ್ದಿದ್ದು ಬಂಡೆ ಸಡಿಲ ಇದ್ದಿದ್ದಕ್ಕೆ. ಮುಗೀತು."

"ಕ್ಷಮಿಸಿ ಅನ್ನಿಸ್ತೀರಾ ಇವನ ಬಾಯಲ್ಲಿ?" ಎಂದರು ಯಾರೋ.

"ಬೇಡ" ಎಂದಳು ಕುನ್ಜೆಸ್. "ಅದನ್ನ ಇಟ್ಕೊಂಡು ನಾನೇನು ಮಾಡ್ಲಿ? ಬುಟ್ಟಿ ಹೊರಲಿ."

ಅವತ್ತೇ ಮಧ್ಯಾಹ್ನ ಟುಂಡುಪ್ ಮುಂದೆ ಬುಟ್ಟಿ ಹೊತ್ತು ನಡೆದ, ಕುನ್ಜೆಸ್ ಹಿಂದೆ. ಎಡವಿದಾಗಲೆಲ್ಲ "ಅದರಲ್ಲಿರೋನು ನಿನ್ನ ಅಣ್ಣ, ಆಲೂಗೆಡ್ಡೆ ಅಲ್ಲ" ಎಂದಳು. ಬಂಡೆಯ ಪೊಟರೆಯಲ್ಲಿ ಮುತುಪ್‌ನ ಅಪ್ಪನ ಪಕ್ಕ ಇಪ್ಪತ್ತೊಂದು ತ್ಸಾತ್ಸಾಗಳನ್ನು ಒಂದೊಂದಾಗಿ ಅವಳೇ ಇಟ್ಟಳು. ಕೊನೆಯದನ್ನು ಇಟ್ಟು ನೆಟ್ಟಗೆ ತಿರುಗಿಸಿದಳು. "ಏಳ್ಬೇಡ, ಮಲಗು" ಎಂದಳು.

ಲೋಸರ್‌ಗೆ ನಾಲ್ಕು ದಿನ ಇರುವಾಗ ಹಿಮ ಹೊಡೆದು ಕಣಿವೆಯ ದಾರಿ ಮುಚ್ಚಿತು. ಆ ವರ್ಷ ದೇವರ ಕಟ್ಟೆಗೂ ಏಳು ಮನೆಗೂ ಶುಕ್ಪಾ ಬೇಕಾದರೆ ಇದ್ದದ್ದು ಒಂದೇ ಹಿತ್ತಲು. ಒಬ್ಬೊಬ್ಬರಾಗಿ ಬಂದರು. ಯಾರೂ ಅವಳ ಕಣ್ಣು ನೋಡಲಿಲ್ಲ, ಅವಳೂ ಕೂರಿ ಎನ್ನಲಿಲ್ಲ. ಕೊನೆಗೆ ಟುಂಡುಪ್ ಬಂದ. ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಅವಳು ಒಂದು ಬಟ್ಟಲು ಚಹಾ ನಿಧಾನವಾಗಿ ಕುಡಿದಳು, ಇನ್ನೊಂದು ಹಾಕಿಕೊಂಡಳು.

"ಕೈಯಲ್ಲಿ ಮುರಿ" ಎಂದಳು ಆಮೇಲೆ. "ಕೆಳಗಿನ ಕೊನೆ ನಿಂಗೆ. ಮೇಲಿನದು ದೇವರಿಗೆ."

ಅವನು ಮುರಿದ. ಬೆರಳು ಚುಚ್ಚಿಸಿಕೊಂಡು, ಬಾಯಲ್ಲಿ ಬೆರಳಿಟ್ಟು ಚೀಪುತ್ತ ಹೋದ. ಅದನ್ನು ನೋಡಿ ಅವಳಿಗೆ ಹಬ್ಬ ಬಂದ ಹಾಗಾಯಿತು.

ದೊಡ್ಡಿಯ ಹಿಂದಿನ ಚಪ್ಪಟೆ ಗಿಡದ ಸುದ್ದಿಯನ್ನು ಅವಳು ಯಾರಿಗೂ ಹೇಳಿಲ್ಲ. ಊರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಹಿಮ ಕರಗಿದ ಮೇಲೆ ಒಮ್ಮೆ ಹೋಗಬೇಕು. ಕೆಂಪು ಪಟ್ಟಿ ಬಿಗಿಯಾಗಿದೆ, ಈ ವರ್ಷ ಸಡಿಲ ಮಾಡದಿದ್ದರೆ ಕಾಂಡಕ್ಕೆ ಕಚ್ಚಿಕೊಳ್ಳುತ್ತದೆ. ಬೈಯುವುದೂ ಇನ್ನಷ್ಟು ಉಳಿದಿದೆ.